ಸೊಪ್ಪಿನ ಗಾಡಿಯ ದಾರಿ

ಕೆಂಗೇರಿಯಲ್ಲಿ ಯಾರಿಗಾದರೂ ತಲೆ ಕೆಟ್ಟಿತೆಂದರೆ ಮೊದಲು ಪೂಜಾರಿಯ ಮನೆಗೆ, ಆಮೇಲೆ ಪೇಟೆ ಬೀದಿಯ ಕಾಂಪೌಂಡರನ ಬಳಿಗೆ, ಎರಡೂ ಕೈಕೊಟ್ಟ ಮೇಲೆ ಸೊಪ್ಪಿನ ತಿಮ್ಮಯ್ಯನ ಮನೆಗೆ ಹೋಗುವುದು ವಾಡಿಕೆಯಾಗಿತ್ತು. ತಿಮ್ಮಯ್ಯ ವೈದ್ಯನೂ ಅಲ್ಲ, ಮಂತ್ರವಾದಿಯೂ ಅಲ್ಲ. ವೃಷಭಾವತಿಯ ದಂಡೆಯಲ್ಲಿ ದಂಟು, ಹರಿವೆ, ಸಬ್ಬಸಿಗೆ ಬೆಳೆದು ಒಂಟೆತ್ತಿನ ಗಾಡಿಯಲ್ಲಿ ಬೆಂಗಳೂರಿಗೆ ಹಾಕುತ್ತಿದ್ದ ಒಕ್ಕಲು ಮನುಷ್ಯ. ಆದರೆ ಹುಚ್ಚಾಸ್ಪತ್ರೆಯ ಒಳಹೊರಗು ಬಲ್ಲವನು ಊರಿಗೆಲ್ಲ ಅವನೊಬ್ಬನೇ. ಸೊಪ್ಪಿನ ಬುಟ್ಟಿಗಳ ನಡುವೆ ರೋಗಿಯನ್ನು ಕೂರಿಸಿಕೊಂಡು ಹೋಗಿ ಡಾಕ್ಟರ ಮುಂದೆ ನಿಲ್ಲಿಸಿ ಬರುತ್ತಿದ್ದ. ಯಾರಾದರೂ ಪುಣ್ಯಾತ್ಮ ಎಂದರೆ ಮಾತ್ರ ಮುಖ ಗಂಟಿಕ್ಕುತ್ತಿದ್ದ. ಊರಿನವರು ಅದನ್ನು ವಿನಯ ಅಂದುಕೊಂಡಿದ್ದರು. ಊರಿನವರಿಗೇನು, ಏನನ್ನು ಬೇಕಾದರೂ ವಿನಯ ಅಂದುಕೊಳ್ಳುತ್ತಾರೆ.

ಅದು ವಿನಯವಲ್ಲ, ತಪ್ಪು ಮಾಡಿದವನ ಸಂಕಟ. ಅದರ ಕಥೆ ಶುರುವಾದದ್ದು ಐವತ್ತೆರಡನೆಯ ಇಸವಿಯಲ್ಲಿ.

ತಿಮ್ಮಯ್ಯನಿಗೆ ಒಬ್ಬಳೇ ತಂಗಿ, ನೀಲಮ್ಮ. ಮಾಗಡಿ ಕಡೆಗೆ ಕೊಟ್ಟಿದ್ದರು. ಅಪ್ಪ ಅವ್ವ ತೀರಿಕೊಂಡಿದ್ದರಿಂದ ಅಣ್ಣನ ಮನೆಯೇ ತವರು. ಚೊಚ್ಚಲ ಹೆರಿಗೆಗೆ ಬಂದಳು, ಗಂಡು ಮಗು ಹೆತ್ತಳು. ಹನ್ನೊಂದನೆಯ ದಿನ ನಿದ್ದೆ ಬಿಟ್ಟಳು. ಗೋಡೆಯ ಜೊತೆ ಮಾತಾಡತೊಡಗಿದಳು. ಇದು ನನ್ನ ಮಗುವಲ್ಲ, ಯಾರೋ ಬದಲಾಯಿಸಿದ್ದಾರೆ ಅಂದಳು. ಕೇರಿಯ ಮುದುಕಿಯರು ಬಂದು ನೋಡಿ ಬಾಣಂತಿ ಸನ್ನಿ ಎಂದು ತೀರ್ಮಾನ ಕೊಟ್ಟರು. ನೀರು ಕುಡಿಸಬೇಡಿ, ಗಾಳಿ ಬೆಳಕು ಸೋಕಿಸಬೇಡಿ ಅಂದರು. ಒಬ್ಬಳು ಹಣೆಗೆ ಬರೆ ಹಾಕಿದಳು. ಮೂರನೆಯ ತಿಂಗಳು ಅತ್ತೆ ಬಂದು ಸೊಸೆಯನ್ನು ಬಾಗಿಲಿಂದಲೇ ನೋಡಿ, ವಾಸಿಯಾದ ಮೇಲೆ ಕಳಿಸಿ ಎಂದು ಹೇಳಿ, ಮಗುವನ್ನು ಮಾತ್ರ ಎತ್ತಿಕೊಂಡು ಹೋದಳು.

ತಂಗಿಯನ್ನು ವಾಸಿಮಾಡಲು ತಿಮ್ಮಯ್ಯ ಅಲೆಯದ ಜಾಗವಿಲ್ಲ. ಮಾಗಡಿಯ ಪಂಡಿತರ ಕಷಾಯ ಆಯಿತು, ದರ್ಗಾದ ತಾಯಿತ ಆಯಿತು, ರಾಮನಗರದ ಕಡೆಯವನೊಬ್ಬ ಬೇವಿನ ಸೊಪ್ಪಿನಲ್ಲಿ ಹೊಡೆದದ್ದೂ ಆಯಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುತ್ತಾರಲ್ಲ, ಅದು ಇದೇ. ಏಕೆಂದರೆ ಮಾರ್ಕೆಟ್ಟಿನಲ್ಲಿ ಬುಟ್ಟಿ ಇಳಿಸಿದ ಮೇಲೆ ತಿಮ್ಮಯ್ಯನ ಗಾಡಿ ದಿನವೂ ಕೊನೆಗೆ ನಿಲ್ಲುತ್ತಿದ್ದದ್ದು ಹುಚ್ಚಾಸ್ಪತ್ರೆಯ ಅಡುಗೆಮನೆಯ ಮುಂದೆ. ನಾಲ್ಕು ವರ್ಷದಿಂದ ಅಲ್ಲಿಗೆ ಸೊಪ್ಪು ಹಾಕುತ್ತಿದ್ದ. ಹಗ್ಗದಲ್ಲಿ ಕಟ್ಟಿಸಿಕೊಂಡು ಬಂದವರು ನಾಲ್ಕು ತಿಂಗಳಿಗೆ ತಲೆ ಬಾಚಿಕೊಂಡು, ಟಿಫನ್ ಕ್ಯಾರಿಯರ್ ಹಿಡಿದು ಮನೆಗೆ ಹೋಗುವುದನ್ನು ಕಣ್ಣಾರೆ ಕಂಡಿದ್ದ. ಅವನಿಗೆ ಗೊತ್ತಿತ್ತು.

ಗೊತ್ತಿದ್ದೂ ಬಾಯಿ ಬಿಡಲಿಲ್ಲ. ದಿನವೂ ನಾಯಂಡಹಳ್ಳಿ ದಾಟುವಾಗ ಇವತ್ತು ಕೇಳಿಯೇ ಬಿಡುತ್ತೇನೆ ಅಂದುಕೊಳ್ಳುತ್ತಿದ್ದ. ಲಾಲ್‌ಬಾಗ್ ಬರುವ ಹೊತ್ತಿಗೆ ನಾಳೆ ನೋಡೋಣ ಅನ್ನಿಸುತ್ತಿತ್ತು. ಕಾರಣ ಮಗಳು ಪಾಪಮ್ಮ. ಅವಳಿಗೆ ಬಿಡದಿಯ ಕಡೆಯಿಂದ ಸಂಬಂಧ ಕೂಡಿಬರುತ್ತಿತ್ತು. ಹುಚ್ಚು ಇರುವ ಮನೆಯಿಂದ ಹೆಣ್ಣು ತರುವವರಿಲ್ಲ. ಸನ್ನಿ ಎಂದರೆ ಹೋಗಲಿ, ಬಾಣಂತಿಯರಿಗೆ ಬರುತ್ತದೆ, ಹೋಗುತ್ತದೆ. ಹುಚ್ಚಾಸ್ಪತ್ರೆ ಎಂದರೆ ಮೂರು ತಲೆಮಾರಿಗೆ ಅಂಟುವ ಹೆಸರು. ಊರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಅದಕ್ಕೆ ತಂಗಿಯ ಕೋಣೆಗೆ ಬೀಗ ಹಾಕಿದ. ನೀಲಮ್ಮ ಗಂಡನ ಮನೆಗೆ ಹೋದಳು ಎಂದು ಊರಿಗೆಲ್ಲ ಹೇಳಿದ.

ಹೆಣ್ಣು ನೋಡಲು ಬಂದ ದಿನ ಹಿತ್ತಿಲ ಕೋಣೆಯ ಬಾಗಿಲಿಗೆ ಹರಿವೆ ಸೊಪ್ಪಿನ ಬುಟ್ಟಿಗಳನ್ನು ಒಟ್ಟಿ ಇಟ್ಟಿದ್ದ. ಗಂಡಿನ ಕಡೆಯವರು ಉಪ್ಪಿಟ್ಟು ತಿನ್ನುತ್ತಿದ್ದಾಗ ಒಳಗಿನಿಂದ ನೀಲಮ್ಮ ಬಾಗಿಲು ಗುದ್ದಿದಳು. ಗಂಡಿನ ದೊಡ್ಡಪ್ಪ ಅದೇನು ಸದ್ದು ಎಂದು ಕೇಳಿದರು.

"ಕರು ಸ್ವಾಮಿ. ಕಟ್ಟಾಕಿದೀನಿ, ಗುದ್ತಾ ಅದೆ," ಅಂದ ತಿಮ್ಮಯ್ಯ.

ಮದುವೆ ಆಯಿತು. ಮದುವೆಯ ಮರುದಿನವೇ ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದು ಹೆಂಡತಿಯ ಮುಂದೆ ಆಣೆ ಇಟ್ಟಿದ್ದ. ಆದರೆ ಆಷಾಢ ಕಳೆಯಲಿ ಅನ್ನಿಸಿತು, ಆಮೇಲೆ ಹೊಸ ಅಳಿಯ ದೀಪಾವಳಿಗೆ ಬಂದು ಹೋಗಲಿ ಅನ್ನಿಸಿತು. ನೆಪಕ್ಕೆ ಬರಗಾಲ ಉಂಟೇ? ಅಷ್ಟರಲ್ಲಿ ಮಾಗಡಿಯ ಗಂಡ ಇನ್ನೊಂದು ಮದುವೆ ಮಾಡಿಕೊಂಡ ಸುದ್ದಿ ಬಂತು. ತಿಮ್ಮಯ್ಯನಿಗೆ ಅವನನ್ನು ಬಯ್ಯಲೂ ನಾಲಿಗೆ ಏಳಲಿಲ್ಲ.

ಕೊನೆಗೂ ಅವನು ಬಾಯಿ ಬಿಟ್ಟದ್ದು ತಂಗಿಗಾಗಿಯಲ್ಲ. ಇದನ್ನು ಬರೆಯಲು ನನಗೂ ನೋವಾಗುತ್ತದೆ, ಆದರೆ ಆದದ್ದು ಹಾಗೆ. ಪಾಪಮ್ಮ ಬಸುರಾದಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಸೋದರತ್ತೆಗೆ ಬಂದದ್ದು ಮಗಳಿಗೂ ಬಂದರೆ ಎಂದು ತಿಮ್ಮಯ್ಯನ ಎದೆ ಒಡೆದುಹೋಯಿತು. ಮರುದಿನ ಸೊಪ್ಪು ಇಳಿಸಿದವನೇ ಒಬ್ಬ ಡಾಕ್ಟರ ಕೋಣೆಯ ಮುಂದೆ ಟವೆಲ್ಲು ಕೈಯಲ್ಲಿ ಹಿಡಿದು ನಿಂತ. ಒಳಕ್ಕೆ ಕರೆದಾಗ, ತಂಗಿಗೆ ಹೀಗೆ ಆಗಿತ್ತು, ಮಗಳಿಗೂ ಆದೀತೇ ಎಂದು ಕೇಳಿದ.

"ಮಗಳ ವಿಷಯ ಆಮೇಲೆ ಹೇಳ್ತೀನಿ. ನಿಮ್ಮ ತಂಗಿ ಈಗ ಎಲ್ಲಿದಾರೆ?" ಎಂದರು ಡಾಕ್ಟರು.

"ಮನೇಲೇ ಅವ್ಳೆ ಸ್ವಾಮಿ."

"ಎಷ್ಟು ದಿನದಿಂದ ಹೀಗಿದಾರೆ?"

"ಎರಡು ವರ್ಷ ಆಯ್ತು."

ಡಾಕ್ಟರು ಬಯ್ಯಲಿಲ್ಲ. ನಾಳೆಯೇ ಕರೆತನ್ನಿ ಎಂದಷ್ಟೇ ಹೇಳಿದರು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು ಎಂದು ತಿಮ್ಮಯ್ಯ ಆಮೇಲೆ ಹೆಂಡತಿಗೆ ಹೇಳಿದನಂತೆ.

ಪಾಪಮ್ಮನ ಹೆರಿಗೆ ಸುಖವಾಗಿಯೇ ಆಯಿತು, ಏನೂ ಬರಲಿಲ್ಲ. ನೀಲಮ್ಮನಿಗೆ ಕರೆಂಟು ಕೊಟ್ಟರು, ಮಾತ್ರೆ ಕೊಟ್ಟರು, ಹೊಟ್ಟೆ ತುಂಬ ನೀರು ಕೊಟ್ಟರು. ನಾಲ್ಕು ತಿಂಗಳಿಗೆ ಅವಳು ತಾನೇ ಜಡೆ ಹೆಣೆದುಕೊಂಡು ಗಾಡಿ ಹತ್ತಿದಳು. ಗೇಟಿನ ಕಾವಲುಗಾರ ಸಲಿಗೆಯಿಂದ ನಕ್ಕು, ಏನು ತಿಮ್ಮಯ್ಯನೋರೆ, ಇವತ್ತು ಸೊಪ್ಪಿಲ್ಲವೇ ಎಂದು ಕೇಳಿದ. ಮೈಸೂರು ರಸ್ತೆಗೆ ಬಂದ ಮೇಲೆ ನೀಲಮ್ಮ ಕೇಳಿದಳು.

"ಅಣ್ಣ, ಎಷ್ಟು ವರ್ಷದಿಂದ ಅಲ್ಗೆ ಸೊಪ್ಪು ಹಾಕ್ತಾ ಇದ್ದೀಯ?"

ಸುಳ್ಳು ಹೇಳಬಹುದಿತ್ತು. ಎರಡು ವರ್ಷ ಊರಿಗೆಲ್ಲ ಹೇಳಿದ ಸುಳ್ಳಿನಲ್ಲಿ ಅವಳ ಪಾಲಿಗೂ ಒಂದು ಉಳಿದಿತ್ತು. ಆದರೆ ಆ ಹೊತ್ತು ಅವನಿಂದ ಆಗಲಿಲ್ಲ.

"ಆರು ವರ್ಷ ಆಯ್ತವ್ವ."

ನೀಲಮ್ಮ ಬೆರಳ ಗೆಣ್ಣು ಮುಟ್ಟಿ ಎಣಿಸಿಕೊಂಡಳು. ಕೆಂಗೇರಿ ಬರುವವರೆಗೂ ತಿಮ್ಮಯ್ಯ ಎತ್ತಿನ ಬೆನ್ನನ್ನೇ ನೋಡುತ್ತ ಕೂತಿದ್ದ.

ಒಂದು ಸಲ ಅವಳನ್ನು ಮಾಗಡಿ ಕಡೆಗೆ ಕರೆದುಕೊಂಡು ಹೋದ. ಮಗನಿಗೆ ಎರಡೂವರೆ ತುಂಬಿತ್ತು. ನೀಲಮ್ಮ ಕಡ್ಲೆಪುರಿಯ ಪೊಟ್ಟಣ ಚಾಚಿದಳು. ಮಗು ಸವತಿಯ ಸೆರಗಿನ ಹಿಂದೆ ಸೇರಿಕೊಂಡಿತು. ತೆಗೆದುಕೊಳ್ಳಲೇ ಎಂದು ಆಕೆಯ ಮುಖ ನೋಡಿ, ಆಕೆ ಹೂಂ ಅಂದ ಮೇಲೆ ಕೈ ಚಾಚಿತು. ಮತ್ತೆ ಹೋಗೋಣ ಎಂದು ನೀಲಮ್ಮ ಕೇಳಲಿಲ್ಲ. ಅಣ್ಣನ ಮನೆಯಲ್ಲೇ ಉಳಿದು ಸೊಪ್ಪು ಕಟ್ಟು ಕಟ್ಟತೊಡಗಿದಳು.

ಆಮೇಲೆಯೇ ತಿಮ್ಮಯ್ಯ ಊರಿನ ರೋಗಿಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಲು ಶುರು ಮಾಡಿದ್ದು. ಯಾರೇ ಬರಲಿ, ಅವನ ಮೊದಲ ಪ್ರಶ್ನೆ ಒಂದೇ: ಎಷ್ಟು ದಿನ ಆಯಿತು? ವರ್ಷ ಅಂದವರ ಮೇಲೆ ರೇಗುತ್ತಿದ್ದ. ತನಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ಅವರಿಗೆ ಹಂಚುತ್ತಿದ್ದ.

ಐವತ್ತೆಂಟರಲ್ಲಿ ಒಂದು ಬೆಳಿಗ್ಗೆ ಪಕ್ಕದ ಹಳ್ಳಿಯ ಶಂಭುಲಿಂಗಪ್ಪ ಓಡಿಬಂದ. ಬಾಣಂತಿ ಮಗಳು ಗೋಡೆಯ ಜೊತೆ ಮಾತಾಡುತ್ತಿದ್ದಾಳೆ ಅಂದ. ಎಷ್ಟು ದಿನ ಆಯಿತು ಅಂದರೆ ಎಂಟು ದಿನ ಅಂದ. ತಿಮ್ಮಯ್ಯ ತುಂಬಿದ್ದ ಬುಟ್ಟಿಗಳನ್ನೆಲ್ಲ ಅಂಗಳದಲ್ಲೇ ಇಳಿಸಿ, ಬರಿಯ ಗಾಡಿಗೆ ಹುಲ್ಲು ಹಾಸಿ ಹೊರಟ.

ಎರಡು ತಿಂಗಳ ಮೇಲೆ ಆ ಹುಡುಗಿ ಮಗುವಿನ ಸಮೇತ ಬಂದು ತಿಮ್ಮಯ್ಯನ ಕಾಲಿಗೆ ಬಿದ್ದಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಒಳಗಿನಿಂದ ನೀಲಮ್ಮ ಬಂದು ಅವಳನ್ನು ಮಣೆಯ ಮೇಲೆ ಕೂರಿಸಿ ಮಡಿಲಿಗೆ ಅಕ್ಕಿ ತುಂಬಿದಳು. ಮಗುವನ್ನು ಎತ್ತಿಕೊಂಡಳು. ಅದು ಅತ್ತಿತು. ತಾಯಿಯ ಕೈಗೆ ಹೋದ ಕೂಡಲೇ ಸುಮ್ಮನಾಯಿತು.

ಅವರು ಹೋದ ಮೇಲೆ ನೀಲಮ್ಮ ನೆಲದ ಮೇಲೆ ಚೆಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಆಯುತ್ತ ಕೂತಳು. ತಿಮ್ಮಯ್ಯ ಕಂಬಕ್ಕೆ ಒರಗಿದ್ದ.

"ಎಂಟೇ ದಿನಕ್ಕೆ ಕರ್ಕೊಂಡು ಹೋದ್ರೆ ಮಗಾನೂ ಕೈಲೇ ಉಳೀತದೆ, ಅಲ್ವೇನಣ್ಣ?" ಅಂದಳು, ತಲೆ ಎತ್ತದೆ.

"ಹೂಂ ಕಣವ್ವ," ಅಂದ ತಿಮ್ಮಯ್ಯ. "ಉಳೀತದೆ."

ನೀಲಮ್ಮ ಉಳಿದ ಅಕ್ಕಿಯನ್ನೂ ಆಯ್ದು ಮುಗಿಸಿ, ಮೊರ ಎತ್ತಿಕೊಂಡು ಒಳಗೆ ಹೋದಳು.