ಪದ್ಮಾಳ ಮಸೂದೆ

ಆ ಕಾಲದಲ್ಲಿ ನಮ್ಮೂರಿನಲ್ಲಿ ನಾಲ್ಕು ಮಂದಿಯ ಮುಂದೆ ಆಡಿದ ಮಾತಿಗೆ ಬಹಳ ತೂಕವಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ತಲೆಯ ಪಟಗಾ ಬಿಚ್ಚಿ ನೆಲಕ್ಕಿಟ್ಟ ಹಾಗೆ ಎಂದು ಹಿರಿಯರು ತಿಳಿದಿದ್ದರು. ನನಗೂ ಅದು ಗೊತ್ತಿತ್ತು. ಗೊತ್ತಿದ್ದೂ, ತಂಗಿ ಪದ್ಮಾಳ ಸಲುವಾಗಿ ಅಪ್ಪನ ಮುಂದೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಅವಳು ಹೈಸ್ಕೂಲಿಗೆ ಹೋಗುತ್ತಿದ್ದಳು. ನಾನು ಏಳನೆಯ ತರಗತಿಗೇ ನಿಂತವನು, ಬರೆದು ರೂಢಿಯಿಲ್ಲ. ತಿಳಿದಂತೆ ಬರೆಯುತ್ತೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಏಕಸಂಬಿ ಮತ್ತು ಬೋರಗಾಂವದ ನಡುವೆ ನಮ್ಮ ಊರು. ಚಳಿಗಾಲ ಬಂತೆಂದರೆ ಕಬ್ಬಿನ ಗಾಣಗಳು ಶುರುವಾಗಿ ಊರಿಗೆ ಊರೇ ಬೆಲ್ಲದ ವಾಸನೆ ಹಿಡಿಯುತ್ತಿತ್ತು. ಶಾಲೆಯ ಹಿಂದೆಯೇ ಒಂದು ಗಾಣ. ಮಧ್ಯಾಹ್ನದ ಬಿಡುವಿನಲ್ಲಿ ಓಡಿಹೋಗಿ ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿಸಿಕೊಂಡು ಬಂದರೆ ಸಂಜೆಯವರೆಗೆ ಕೈ ಅಂಟು, ಪಾಟಿ ಅಂಟು, ಪುಸ್ತಕದ ಹಾಳೆಗಳೂ ಅಂಟು.

ಪದ್ಮಾ ನನಗಿಂತ ಒಂದು ವರ್ಷ ಚಿಕ್ಕವಳು. ಆರನೆಯ ತರಗತಿಯಲ್ಲಿ ನಾನು ನಪಾಸಾದೆ, ಅವಳು ಹಿಂದಿನಿಂದ ಬಂದು ನನ್ನನ್ನು ಕೂಡಿಕೊಂಡಳು. ಹಾಗಾಗಿ ಏಳನೆಯ ತರಗತಿಯಲ್ಲಿ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತೆವು.

ನಮಗೆ ಪೌರನೀತಿ ಕಲಿಸುತ್ತಿದ್ದವರು ಮುಜಾವರ ಮಾಸ್ತರು, ಅಥಣಿ ಕಡೆಯವರು. ಸಂಸತ್ತಿನ ಪಾಠ ಓದಿಸಿ ಮುಗಿಸಿದ ಮೇಲೆ ನನ್ನನ್ನೇ ಎಬ್ಬಿಸಿದರು.

"ಲೋಕಸಭಾ ಅಂದ್ರ ಏನಲೇ?"

"ದಿಲ್ಲಿಯೊಳಗಿನ ಪಂಚಾಯ್ತಿ ರೀ."

ಎಲ್ಲರೂ ನಕ್ಕರು. ಮಾಸ್ತರು ನಗಲಿಲ್ಲ. "ಸಮೀಪ ಬಂದೀ, ಕುಂದ್ರು," ಎಂದರು. ಆಮೇಲೆ ಪುಸ್ತಕ ಮುಚ್ಚಿ, "ಇದು ಓದಿದ್ರ ತಲಿಗೆ ಹೋಗೂದಿಲ್ಲ. ನಾವೂ ಒಂದು ಲೋಕಸಭಾ ಮಾಡೂಣು," ಎಂದರು.

ಆ ವಾರವೆಲ್ಲ ಅದೇ ಅಭ್ಯಾಸ. ಶಾಲೆಯ ಅಂಗಳದಲ್ಲಿ ಎರಡು ಕಡೆ ಗೋಣಿತಟ್ಟು ಹಾಸಿ, ಬಲಕ್ಕೆ ಸರಕಾರ, ಎಡಕ್ಕೆ ವಿರೋಧ ಪಕ್ಷ ಎಂದು ಕೂರಿಸಿದರು. ಸಭಾಧ್ಯಕ್ಷನಾದವನು ನಮ್ಮ ತರಗತಿಯ ಸುಕುಮಾರ. ಮಡಚುವ ಕುರ್ಚಿ ಅವರ ಮನೆಯಿಂದ ಬರುವುದಿತ್ತು, ಬೇರೆಯವರು ಕೂತರೆ ಕುರ್ಚಿ ಕೊಡುವುದಿಲ್ಲ ಎಂದಿದ್ದ. ಪದ್ಮಾ ಶಿಕ್ಷಣ ಮಂತ್ರಿ. ನನ್ನ ಬಾಯಿ ದೊಡ್ಡದೆಂದು ಮಾಸ್ತರು ನನ್ನನ್ನು ವಿರೋಧ ಪಕ್ಷದ ನಾಯಕನನ್ನಾಗಿ ಮಾಡಿದರು.

"ಸರ್, ಅವರು ಹೇಳಿದ್ದು ನನಗ ಖರೇ ಅನಿಸಿದ್ರ?" ಎಂದು ಕೇಳಿದೆ.

"ಅನಸಲಿ. ಆದ್ರೂ ನೀ ತಪ್ಪ ಹುಡುಕಬೇಕು. ಬೀಸೂಕಿಂತ ಮೊದಲ ಜ್ವಾಳ ಕೇರತಾರಿಲ್ಲೋ? ಹಂಗ. ಆದ್ರ ಹೊಟ್ಟು ಕೇರು, ಜ್ವಾಳಾನ ಚೆಲ್ಲಬ್ಯಾಡ ಮತ್ತ."

ಮಸೂದೆಯನ್ನು ಪದ್ಮಾಳೇ ಬರೆದಳು. ಏಳನೆಯ ತರಗತಿ ಪಾಸಾದ ಪ್ರತಿ ಹುಡುಗಿಯನ್ನೂ ಮನೆಯವರು ಹೈಸ್ಕೂಲಿಗೆ ಕಳಿಸತಕ್ಕದ್ದು. ಹೈಸ್ಕೂಲು ಇದ್ದದ್ದು ಬೋರಗಾಂವದಲ್ಲಿ. ನಮ್ಮ ಓಣಿಯ ಇಬ್ಬರು ಹುಡುಗಿಯರು ಆಗಲೇ ನಡೆದು ಹೋಗಿ ಬರುತ್ತಿದ್ದರು. ಪದ್ಮಾಳನ್ನೂ ಅವರ ಜೊತೆ ಕಳಿಸೋಣವೆಂದು ಅವ್ವ ಅನ್ನುತ್ತಿದ್ದಳು. ಅಪ್ಪ ಹೌದು ಅಂದಿರಲಿಲ್ಲ, ಇಲ್ಲ ಅಂದಿರಲಿಲ್ಲ. "ನೋಡೂಣು" ಅನ್ನುತ್ತಿದ್ದ. ಅದು ಅರ್ಧ ಒಪ್ಪಿದವನ ಮಾತು ಎಂದು ಮನೆಯಲ್ಲಿ ನಮಗೆಲ್ಲ ಗೊತ್ತಿತ್ತು.

ಸಭೆಯ ದಿನ ಬೆಳಿಗ್ಗೆ ಪದ್ಮಾ ಕೊಟ್ಟಿಗೆಯಲ್ಲಿ ಚಂದ್ರಿಯ ಹಾಲು ಕರೆಯುತ್ತಿದ್ದಳು. ಚಂದ್ರಿ ನಮ್ಮ ಎಮ್ಮೆ. ಪದ್ಮಾಳ ಕೈಗಲ್ಲದೆ ಬೇರೆಯವರಿಗೆ ಹಾಲು ಇಳಿಸುತ್ತಿರಲಿಲ್ಲ. ಅವ್ವ ಕೂತರೂ ಒದೆಯುತ್ತಿತ್ತು.

"ಅಣ್ಣಾ, ಇವತ್ತ ಅಪ್ಪನೂ ಬರ್ತಾನ," ಎಂದಳು ಪದ್ಮಾ, ಚರಿಗೆಯಿಂದ ಕಣ್ಣು ಎತ್ತದೆ. "ನೀ ಸ್ವಲ್ಪ ಮೆಲ್ಲಕ ವಿರೋಧ ಮಾಡು. ದಾರಿ ದೂರ ಆಗತೈತಿ ಅಂತ ಅಷ್ಟ ಅನ್ನು. ಅದಕ್ಕ ನಾ ಉತ್ತರ ಇಟ್ಟೇನಿ."

"ಆತ್ ತಗೋ ಮಂತ್ರಿಬಾಯಿ," ಎಂದೆ.

ಮಧ್ಯಾಹ್ನದ ಮೇಲೆ ಅರ್ಧ ಊರು ಶಾಲೆಯ ಅಂಗಳದಲ್ಲಿ ಸೇರಿತು. ಅಪ್ಪ ಮತ್ತು ಹಿರಿಯರು ಕಟ್ಟೆಯ ಮೇಲೆ, ಹೆಂಗಸರು ಗೋಡೆಯ ಪಕ್ಕ. ಅದು ಪ್ರೇಕ್ಷಕರ ಗ್ಯಾಲರಿ, ಅಲ್ಲಿದ್ದವರು ಬಾಯಿ ತೆರೆಯಬಾರದು ಎಂದು ಮಾಸ್ತರು ಮೊದಲೇ ಕೈಮುಗಿದು ಹೇಳಿದರು. ಪ್ರಶ್ನೋತ್ತರ ವೇಳೆ ಚೆನ್ನಾಗಿ ನಡೆಯಿತು. ಬಾವಿಯ ನೀರು, ಎಸ್‌ಟಿ ಬಸ್ಸು, ಶಾಲೆಯ ಸೋರುವ ಹಂಚು, ಎಲ್ಲದಕ್ಕೂ ನಮ್ಮ ಮಂತ್ರಿಗಳು ಉತ್ತರ ಕೊಟ್ಟರು. ಅದು ಮುಗಿಯುವಷ್ಟರಲ್ಲೇ ಬಿಸಿಲು ಇಳಿದಿತ್ತು. ಆಮೇಲೆ ಪದ್ಮಾ ಎದ್ದು ಮಸೂದೆ ಓದಿದಳು.

ನಾನು ಎದ್ದೆ. ದಾರಿ ದೂರ ಎಂದೆ. ಓಣಿಯ ಹುಡುಗಿಯರು ಕೂಡಿ ಹೋಗುತ್ತಾರೆ ಎಂದು ಪದ್ಮಾ ಉತ್ತರ ಕೊಟ್ಟಳು. ಅಲ್ಲಿಗೆ ನಾನು ಕೂರಬೇಕಿತ್ತು. ಆದರೆ ಕಟ್ಟೆಯ ಮೇಲಿಂದ ಯಾರೋ, "ಇಷ್ಟ ಏನಲೇ ನಿನ್ನ ವಿರೋಧ?" ಎಂದರು. ನನಗೆ ಕೆಣಕಿದಂತಾಯಿತು.

"ಸಭಾಧ್ಯಕ್ಷರ, ಸಾಲಿ ಕಲ್ತ ಮ್ಯಾಲ ರೊಟ್ಟಿ ಹೆಚ್ಚ ದುಂಡಗ ಆಗತಾವೇನ್ರಿ?" ಎಂದೆ. ಜನ ನಕ್ಕರು. ನನ್ನನ್ನು ನೋಡಿ ಊರು ನಗುತ್ತಿದ್ದದ್ದು ರೂಢಿ. ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು. ತಲೆ ತಿರುಗಿತು.

"ನಮ್ಮ ಎಮ್ಮಿ ಮಂತ್ರಿಗಳ ಕೈಗಷ್ಟ ಹಾಲ ಕೊಡತೈತ್ರಿ. ಮಂತ್ರಿಗಳು ಬೋರಗಾಂವಕ್ಕ ಹ್ವಾದ್ರ, ಚಂದ್ರೀನ್ನೂ ಹೈಸ್ಕೂಲಿಗೆ ಹೆಸರ ಹಚ್ಚಬೇಕಾಗತೈತ್ರಿ!"

ಕಟ್ಟೆ ಬಿದ್ದು ಬಿದ್ದು ನಕ್ಕಿತು. ಸಭಾಧ್ಯಕ್ಷ ಸುಕುಮಾರ ಕುರ್ಚಿಯೊಂದಿಗೆ ಮಡಚಿಕೊಳ್ಳುವಷ್ಟು ನಕ್ಕ. ಪದ್ಮಾ ಎದ್ದು, "ಮನಿ ಮಾತು ಸಭಾದಾಗ ತರಬಾರದ್ರಿ. ಆ ಮಾತು ಕಡತದಿಂದ ತಗೀಸ್ರಿ," ಎಂದಳು. ಸಭೆಗೆ ಸಲ್ಲದ ಮಾತನ್ನು ಸಭಾಧ್ಯಕ್ಷರು ಕಡತದಿಂದ ತೆಗೆಸಬಹುದೆಂದು ಮಾಸ್ತರು ಕಲಿಸಿದ್ದು ಅವಳಿಗೊಬ್ಬಳಿಗೇ ನೆನಪಿತ್ತು. ನಗೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಸುಕುಮಾರ ಧ್ವನಿಮತಕ್ಕೆ ಹಾಕಿದ. ಪರವಾಗಿರುವವರು ಹೌದು ಎನ್ನಿರಿ ಎಂದಾಗ ಹುಡುಗಿಯರು ಕೂಗಿದರು, ಹುಡುಗರಲ್ಲೂ ಕೆಲವರು ಕೂಗಿದರು. ವಿರೋಧವಾಗಿರುವವರು ಎಂದಾಗ ನಮ್ಮ ಜೊತೆ ಕಟ್ಟೆಗೆ ಕಟ್ಟೆಯೇ "ಇಲ್ಲಾ!" ಎಂದಿತು. ಪಂಚಾಯ್ತಿ ಕಟ್ಟೆಯಲ್ಲಿ ಕೂಗಿ ರೂಢಿಯಾದ ಗಂಟಲುಗಳು. ಮಸೂದೆ ಬಿತ್ತು ಎಂದು ಸುಕುಮಾರ ಗಂಟೆ ಬಾರಿಸಿಬಿಟ್ಟ.

ಮಾಸ್ತರು ಓಡಿ ನಡುವೆ ಬಂದರು. "ತಡೀರಿ, ಗ್ಯಾಲರಿಯವರಿಗೆ ಮತ ಇಲ್ಲರಿ. ಇದರಾಗ ಇನ್ನೂ ಒಂದು ಮಾತೈತಿ..." ಆದರೆ ಹೊತ್ತು ಬೇವಿನ ಮರದ ಕೆಳಗಿನ ಟೊಂಗೆಗೆ ಇಳಿದಿತ್ತು. ನಮ್ಮದು ಜೈನರ ಮನೆಗಳು ಹೆಚ್ಚಿದ್ದ ಊರು. ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು. ಕಟ್ಟೆಯ ಮೇಲಿನವರು ಧೋತರ ಝಾಡಿಸಿಕೊಂಡು ಎದ್ದರು, ಹೆಂಗಸರು ಅದಕ್ಕೂ ಮೊದಲೇ ಒಲೆಗೆ ಓಡಿದ್ದರು. ಹೋಗುವವರೆಲ್ಲ ನನ್ನ ಬೆನ್ನು ತಟ್ಟಿ ಹೋದರು. ಮಾಸ್ತರು ಅಂದುಕೊಂಡ ಮುಕ್ತಾಯದ ಮಾತು ಅವರ ಬಾಯಲ್ಲೇ ಉಳಿಯಿತು.

ಮನೆಯಲ್ಲಿ ರೊಟ್ಟಿ, ಝುಣಕ, ಮೊಸರು. ಅಪ್ಪ ಊಟದ ನಡುವೆ ಕೈ ತಡೆದು ನನ್ನನ್ನು ನೋಡಿದ.

"ನಾಕ ಮಂದಿ ಮುಂದ ಹಂಗ ಅಂದೆಲ್ಲ, ಅದು ಖರೇ ನಿನ್ನ ಮನಸಿನ್ಯಾಗಿಂದೇನ?"

ಅಪ್ಪ ನಿಜವಾಗಿಯೂ ಕೇಳಿದ್ದ. ಪದ್ಮಾ ನನ್ನ ತಾಟಿಗೆ ಮೊಸರು ಹಾಕುತ್ತಿದ್ದವಳು ಹಾಗೆಯೇ ನಿಂತಳು. ಮಾಸ್ತರು ನನಗೆ ಕೊಟ್ಟ ಕೆಲಸ ಅದು, ನನ್ನ ಮನಸ್ಸು ಬೇರೆ ಎಂದರೆ ಸಾಕಿತ್ತು. ಆದರೆ ಬೆನ್ನು ತಟ್ಟಿದ ಕೈಗಳ ಬಿಸಿ ಇನ್ನೂ ಆರಿರಲಿಲ್ಲ. ಅದನ್ನು ಅಷ್ಟು ಬೇಗ ಬಿಟ್ಟುಕೊಡುವ ಮನಸ್ಸಾಗಲಿಲ್ಲ.

"ಹ್ಞೂಂ," ಎಂದೆ.

"ಮುಗೀತು ಹಂಗಾದ್ರ," ಎಂದ ಅಪ್ಪ. "ಅಣ್ಣನ ಬ್ಯಾಡ ಅಂದ. ಮಂದಿನೂ ಬ್ಯಾಡ ಅಂದ್ರು."

ಮರುದಿನ ಮಾಸ್ತರು ಮನೆಗೆ ಬಂದರು. ಹಿಂದಿನ ದಿನ ಹೇಳಲಾಗದ ಮಾತನ್ನು ಅಪ್ಪನ ಮುಂದೆ ಇಟ್ಟರು. "ಲೋಕಸಭಾದಾಗ ಬಿದ್ದ ಮಸೂದೆ ಬಿದ್ದ ಹೋಗೂದಿಲ್ಲರಿ. ಮುಂದಿನ ಅಧಿವೇಶನದಾಗ ಮತ್ತ ತರಾಕ ಬರತೈತಿ."

ಅಪ್ಪ ಚಹಾ ಕೊಡಿಸಿ, "ದಿಲ್ಲಿ ಮಂದೀಗಿ ಅದು ನಡೀತೈತ್ರಿ ಮಾಸ್ತರ. ನಾವು ಇದ ಓಣ್ಯಾಗ ತಿರಗಾಡಬೇಕು," ಎಂದ. ನಾನು ಬಾಗಿಲ ಹಿಂದೆಯೇ ಇದ್ದೆ. ಹೊರಗೆ ಬರಲಿಲ್ಲ.

ಆ ವರ್ಷ ಪದ್ಮಾ ಶಾಲೆಗೇ ಮೊದಲು ಬಂದು ಪಾಸಾದಳು. ನಾನು ಮತ್ತೆ ನಪಾಸಾಗಿ ಬೋರಗಾಂವದ ಪವರ್‌ಲೂಮಿಗೆ ಕೆಲಸಕ್ಕೆ ಹೋದೆ. ಹೈಸ್ಕೂಲಿನ ಮುಂದೆಯೇ ನನ್ನ ದಾರಿ. ಪದ್ಮಾ ಚಂದ್ರಿಯ ಹಾಲು ಕರೆದಳು, ಆಮೇಲೆ ಚಂದ್ರಿಯ ಕರುವಿನದು. ನಂತರ ಕಾಗವಾಡದ ಕಡೆಗೆ ಮದುವೆಯಾಗಿ ಹೋದಳು. ಆ ಮಾತನ್ನು ಅವಳು ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಶಾಲೆಯ ಹಿಂದೆ ಗಾಣವಿಲ್ಲ, ಕಬ್ಬೆಲ್ಲ ಫ್ಯಾಕ್ಟರಿಗೆ ಹೋಗುತ್ತದೆ. ಕಟ್ಟೆ ಒಡೆದು ರಸ್ತೆ ಮಾಡಿದ್ದಾರೆ. ಅಪ್ಪ ಇಲ್ಲ. ಮಾಸ್ತರು ವರ್ಗವಾಗಿ ಹೋದವರು ಎಲ್ಲಿದ್ದಾರೋ ತಿಳಿಯದು. ಕೊಟ್ಟಿಗೆಯಲ್ಲಿ ಮಗನ ಮೋಟರ್‌ಸೈಕಲ್ಲು ನಿಲ್ಲುತ್ತದೆ. ಊರಿನ ಹುಡುಗಿಯರು ಬೆಳಿಗ್ಗೆ ಸೈಕಲ್ಲಿನ ಮೇಲೆ ಸಾಲಾಗಿ ಬೋರಗಾಂವಕ್ಕೆ ಹೋಗುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ. ಕಳೆದುಹೋದದ್ದು ಪದ್ಮಾಳ ಪಾಲಿನ ವರ್ಷಗಳು ಮಾತ್ರ.

ಹೋದ ಪಂಚಮಿಗೆ ಅವಳು ತವರಿಗೆ ಬಂದಿದ್ದಳು. ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಇಬ್ಬರೂ ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತಿದ್ದೆವು. ಸೈಕಲ್ಲಿನ ಹುಡುಗಿಯರು ಗದ್ದಲ ಮಾಡುತ್ತಾ ಊರೊಳಗೆ ಬಂದರು. ಪದ್ಮಾ ಅವರು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು. ಆಮೇಲೆ, "ಎಮ್ಮಿ ಇಲ್ಲದ ಕೊಟ್ಟಿಗಿ ಭಣಭಣ ಅನಸತೈತಿ ಅಲ್ಲಣ್ಣಾ," ಎಂದಳು.

ಇನ್ನು ತಡೆಯಲು ಆಗಲಿಲ್ಲ. ಒಳಗೆ ಸೊಸೆ, ಮಗ, ಪಕ್ಕದ ಮನೆಯವರು ಕೂತಿದ್ದರು. ಅವರಿಗೂ ಕೇಳಲಿ ಎಂದೇ ದನಿ ತೆಗೆದು ಹೇಳಿದೆ.

"ಪದ್ಮಾ, ಅವತ್ತ ಅಪ್ಪ ಕೇಳಿದಾಗ ನಾ ಸುಳ್ಳ ಹೇಳಿದ್ನಿ. ನೀ ಕಲೀಬೇಕು ಅನ್ನೂದ ನನ್ನ ಮನಸಿನ್ಯಾಗ ಇತ್ತು. ಮಂದಿ ನಕ್ಕರು ಅಂತ ನಿನ್ನ ಸಾಲಿ ಬಿಡಿಸಿದ್ನಿ. ತಪ್ಪ ನಂದು ತಂಗೀ, ನನ್ನ ಕ್ಷಮಿಸು."