ಲಕ್ಷ್ಮಣನಿಲ್ಲದ ಪಂಚವಟಿ

ಯಜಮಾನರು ತೀರಿಕೊಂಡ ಮೇಲೂ ನಾನು ತೊಗಲು ಗೊಂಬೆಯಾಟ ಬಿಡಲಿಲ್ಲ. ಅವರಿದ್ದಾಗ ಪರದೆಯ ಹಿಂದೆ ಇಬ್ಬರೂ ಮೊಣಕಾಲೂರಿ ಕೂರುತ್ತಿದ್ದೆವು. ರಾಮ, ರಾವಣ, ಲಕ್ಷ್ಮಣರ ದನಿ ಅವರದು. ಸೀತೆಯದು, ಶೂರ್ಪನಖಿಯದು ನನ್ನದು. ಆಟದ ನಡುವೆ ಕೆಮ್ಮು ಬಂದರೆ ರಾವಣನೇ ಕೆಮ್ಮಿದಂತೆ ಮಾಡಿ ಜನರನ್ನು ನಗಿಸಿಬಿಡುತ್ತಿದ್ದರು.

ಒಬ್ಬಳೇ ಆದ ಮೇಲೆ ಕಥೆಗಳನ್ನು ನನ್ನ ಕೈಗೆ ತಕ್ಕಂತೆ ಕತ್ತರಿಸಿಕೊಂಡೆ. ಒಂದೊಂದು ಕೈಗೆ ಒಂದು ಗೊಂಬೆ. ಮೂರನೆಯದಿದ್ದರೆ ಪರದೆಗೆ ಮುಳ್ಳು ಚುಚ್ಚಿ ನಿಲ್ಲಿಸಬೇಕು. ಪಂಚವಟಿಯಲ್ಲಿ ಸೀತೆಯನ್ನು ಹಾಗೆ ನಿಲ್ಲಿಸಿ, ಒಂದು ಕೈಯಲ್ಲಿ ರಾಮನನ್ನೂ ಇನ್ನೊಂದರಲ್ಲಿ ಮಾಯಾಜಿಂಕೆಯನ್ನೂ ಹಿಡಿದೆ. ಲಕ್ಷ್ಮಣ ಪೆಟ್ಟಿಗೆಯಲ್ಲೇ ಉಳಿದ.

ಬಿಳಿಕೆರೆ ಹತ್ತಿರದ ಶಾಲೆಯೊಂದಕ್ಕೆ ಆಟ ಕಟ್ಟಲು ಹೋಗಿದ್ದೆ. ಕಿಟಕಿಗಳಿಗೆಲ್ಲ ಜಮಖಾನ ಇಳಿಬಿಟ್ಟು ಕತ್ತಲು ಮಾಡಿದ್ದರು. ಜಿಂಕೆಯ ಹಿಂದೆ ರಾಮ ಓಡಿಹೋದ. ಪರದೆಯ ಮೇಲೆ ಸೀತೆಯೊಬ್ಬಳೇ ನಿಂತಿದ್ದಳು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೂಗಿದಳು:

"ಸೀತೆ ಒಬ್ಳನ್ನೇ ಬುಟ್ಟು ಓದ್ರಾ? ಲಕ್ಷ್ಮಣ ಎಲ್ಲಿ?"

ನಾನು ಪರದೆಯ ಹಿಂದಿನಿಂದ ಸೀತೆಯ ದನಿಯಲ್ಲೇ ಹೇಳಿದೆ: "ಅಣ್ಣು ಕುಯ್ಕೊಂಡು ಬರಕ್ಕೆ ಓಗವ್ನೆ ಕಣವ್ವ. ಬತ್ತಾನೆ."

ಮಕ್ಕಳು ನಂಬಿದರು. ರಾವಣ ಬಂದು ಸೀತೆಯನ್ನು ಹೊತ್ತೊಯ್ಯುವಾಗ "ಲಕ್ಷ್ಮಣಾ, ಬಾರೋ!" ಎಂದು ಎಲ್ಲರೂ ಕೂಗತೊಡಗಿದರು. ನನ್ನ ಎರಡೂ ಕೈಗಳಲ್ಲಿ ಗೊಂಬೆಗಳಿದ್ದವು. ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

ಆಟ ಮುಗಿದ ಮೇಲೆ ಆ ಹುಡುಗಿ ಪರದೆಯ ಹಿಂದೆ ಬಂದು ಪೆಟ್ಟಿಗೆಯೊಳಗೆ ಇಣುಕಿದಳು. "ಇಲ್ಲೇ ಅವ್ನಲ್ಲಜ್ಜಿ! ಯಾಕೆ ಕಳಿಸ್ಲಿಲ್ಲ?"

"ನಂಗೆ ಎಲ್ಡೇ ಕೈ ಕಣವ್ವ" ಎಂದೆ. ಅವಳು ನನ್ನ ಕೈಗಳನ್ನೇ ನೋಡಿದಳು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಓಡಿಹೋದಳು.

ಬಸ್ಸಿಗೆ ಕಾಯುತ್ತಾ ಮೈದುನನಿಗೆ ಫೋನು ಮಾಡಿದೆ. ಅವನು ಕೆ.ಆರ್. ನಗರದಲ್ಲಿ ಗಾರೆ ಕೆಲಸ ಮಾಡುತ್ತಾನೆ. ಹುಡುಗನಾಗಿದ್ದಾಗ ಅಣ್ಣನ ಪಕ್ಕದಲ್ಲೇ ಕೂತು ಗೊಂಬೆ ಆಡಿಸುತ್ತಿದ್ದವನು.

"ಸಾಲಿಗ್ರಾಮದಲ್ಲಿ ಒಂದು ಆಟ ಅದೆ. ಅವತ್ತೊಂದಿನ ಬಂದ್ಬುಡಪ್ಪ."

"ಅವತ್ತು ತಾರಸಿಗೆ ಮೋಲ್ಡ್ ಹಾಕ್ತಾವ್ರೆ ಕಣತ್ಗೆ. ಅಲ್ದೆ ಅಣ್ಣ ಇಲ್ದಂಗೆ ಪರದೆ ಹಿಂದೆ ಕೂರಕ್ಕೆ ನಂಗಾಗಲ್ಲ. ನೀವೆಂಗೆ ಕೂರ್ತೀರೋ ಕಾಣೆ."

ಸಿಟ್ಟು ಬರಲಿಲ್ಲ. ಅವರನ್ನು ನೆನೆಯುವವರು ಇನ್ನೊಬ್ಬರಿದ್ದಾರೆ ಎಂದು ಒಂದು ಗಳಿಗೆ ಸಮಾಧಾನವೇ ಆಯಿತು. "ಆಗ್ಲಿ ಬುಡಪ್ಪ, ನಾನೇ ನೋಡ್ಕತೀನಿ" ಎಂದು ಫೋನಿಟ್ಟೆ.

ಸಾಲಿಗ್ರಾಮದಲ್ಲಿ ಸೀತೆಯ ಪಕ್ಕ ಲಕ್ಷ್ಮಣನನ್ನೂ ಮುಳ್ಳು ಚುಚ್ಚಿ ನಿಲ್ಲಿಸಿದೆ. ಅವನಿಗೆ ಯಜಮಾನರ ದನಿ ಕೊಡಲು ನೋಡಿದೆ, ಒಂದು ಮಾತಿಗೇ ನಿಲ್ಲಿಸಿದೆ. ಕೊನೆಗೆ ನನ್ನ ದನಿಯಲ್ಲೇ ಮಾತಾಡಿಸಿದೆ. ಯಾರೂ ನಗಲಿಲ್ಲ, ಯಾರೂ ಏನೂ ಕೇಳಲಿಲ್ಲ. ಜನ ಎದ್ದು ಹೋದ ಮೇಲೆ ಪರದೆ ಮಡಿಸಬೇಕಿತ್ತು. ಆ ತುದಿ ಹಿಡಿಯುವವರಿಲ್ಲದೆ ಕಂಬಕ್ಕೆ ಕಟ್ಟಿ, ಈ ತುದಿಯಿಂದ ಸುತ್ತುತ್ತಾ ಹೋದೆ.