ಚಮಚದ ಡ್ರಾಯರಿನಲ್ಲಿದ್ದ ಬಾಚಣಿಗೆ

ಆ ಡಿಸೆಂಬರಿನಲ್ಲಿ ನಾನು ಮೂರು ಪಟ್ಟಿಗಳನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೆ. ಒಂದು ವಾರ ಮೊದಲು ಮಾಡುವುದು, ಹಿಂದಿನ ದಿನ ಮಾಡುವುದು, ಕ್ರಿಸ್‌ಮಸ್ ದಿನವೇ ಮಾಡುವುದು. ಕೊನೆಯ ಪಟ್ಟಿಯಲ್ಲಿ ನಾಲ್ಕೇ ಸಾಲು ಇರಬೇಕೆಂಬುದು ನನ್ನ ಹಟ. ಸಂಜೆ ಏಳಕ್ಕೆ ಬೆಲ್ ಆದಾಗ ಸೆರಗಿಗೆ ಕೈ ಒರೆಸಿಕೊಂಡು ಓಡಬಾರದು. ಮುಖ ತೊಳೆದು, ಸೀರೆ ಬದಲಿಸಿ, ನಿಧಾನವಾಗಿ ಬಾಗಿಲು ತೆಗೆಯಬೇಕು. ಯಜಮಾನರು ಕನ್ನಡಕ ಏರಿಸಿಕೊಂಡು ಮೂರನ್ನೂ ಓದಿ, "ಆರಾಮಾಗಿ ಅಡುಗೆ ಮಾಡಕ್ಕೆ ಇಷ್ಟೊಂದು ಟೆನ್ಶನ್ ಬೇಕೇನೇ?" ಎಂದರು.

ಬರುವ ಅತಿಥಿ ಒಬ್ಬರೇ, ನಮ್ಮ ಸೊಸೆಯ ತಂದೆ. ಮಂಗಳೂರು ಕಡೆಯ ಕ್ರೈಸ್ತರು. ರೈಲ್ವೆಯಿಂದ ನಿವೃತ್ತರಾಗಿ ಮುಂಬಯಿ ಹತ್ತಿರದ ಕಲ್ಯಾಣದಲ್ಲೇ ಉಳಿದವರು. ಡೊಂಬಿವಲಿಯ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಸ್ಟೇಷನ್ನು. ಫೆಬ್ರವರಿಯಲ್ಲಿ ಮಗನ ಮದುವೆಯಾಯಿತು. ಜುಲೈಯಲ್ಲಿ ಬೀಗಿತ್ತಿ ಹದಿನೈದು ದಿನ ಜ್ವರದಲ್ಲಿದ್ದು ತೀರಿಹೋದರು.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ ಎನ್ನುವುದು ನಮ್ಮಲ್ಲಿರುವಂತೆ ಅವರ ಮನೆಯಲ್ಲೂ ಇತ್ತು. ನಕ್ಷತ್ರ ಕಟ್ಟುವುದಿಲ್ಲ, ಕುಸ್ವಾರ್ ಎಂದು ಅವರು ಕರೆಯುವ ಹಬ್ಬದ ತಿಂಡಿಗಳನ್ನು ಮಾಡುವುದಿಲ್ಲ. ನಾನು ನನ್ನದೇ ಲೆಕ್ಕ ಹಾಕಿದೆ. ಹುಡುಗಿ ಈಗ ನಮ್ಮ ಮನೆಯವಳು, ನಮ್ಮ ಮನೆಗೆ ಅಡ್ಡಿಯಿಲ್ಲ. ಅವಳ ಹಬ್ಬ ಇಲ್ಲೇ ಆಗಲಿ, ತಂದೆ ಊಟಕ್ಕೆ ಬರಲಿ. ಫೋನ್ ಮಾಡಿ ಕರೆದರೆ ಅವರು "ನೋಡುವ" ಎಂದರು. ನಾಲ್ಕು ದಿನ ಬಿಟ್ಟು ಮತ್ತೆ ಕರೆದೆ. ಮತ್ತೆ "ನೋಡುವ" ಎಂದರು. ದುಃಖದಲ್ಲಿದ್ದವರನ್ನು ಹಬ್ಬಕ್ಕೆ ಎಳೆಯುತ್ತಿದ್ದೇನೆಯೇ ಎಂಬ ಅಳುಕು ಆಮೇಲೆ ಬಿಡಲೇ ಇಲ್ಲ.

ಇನ್ನು ಏನು ಬಡಿಸುವುದು? ನಮ್ಮದು ಮೊಟ್ಟೆಯೂ ಒಳಗೆ ಬಾರದ ಅಡುಗೆಮನೆ. ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿ, ಕ್ಯಾರೊಲ್‌ಗಳೆಲ್ಲ ಬಾಯಿಪಾಠವಿದ್ದ ನನಗೆ ಆ ದಿನ ಅವರು ಮನೆಯಲ್ಲಿ ಏನು ಉಣ್ಣುತ್ತಾರೆಂಬುದೇ ತಿಳಿದಿರಲಿಲ್ಲ. ಇಂಗ್ಲಿಷ್ ಪಾಠದಲ್ಲಿ ಓದಿದ ಟರ್ಕಿ ಕೋಳಿ ಗೊತ್ತು. ಸಿಸ್ಟರ್‌ಗಳು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ ಎರಡು ಬೆರಳಗಲದ ಕೇಕು ಗೊತ್ತು. ಅಷ್ಟೇ. ಸೊಸೆಯನ್ನು ಕೇಳಿದೆ. ಐರೋಲಿಯ ಆಫೀಸಿನಿಂದ ಆಗಷ್ಟೇ ಬಂದಿದ್ದಳು, ಹೆಗಲ ಮೇಲೆ ಬ್ಯಾಗಿನ ಪಟ್ಟಿಯ ಗೀರು ಹಾಗೇ ಇತ್ತು. "ಕುಛ್ ಭೀ ಚಲೇಗಾ ಅಮ್ಮ," ಎಂದಳು.

ನನ್ನ ನಿಜವಾದ ಚಿಂತೆ, ಏನಾದರೂ ನಡೆಯುತ್ತದೆ ಎನ್ನುವ ಆ "ಚಲೇಗಾ" ಆಗಿತ್ತು. ತಾಯಿ ಹೋದಾಗಿನಿಂದ ಎಲ್ಲಕ್ಕೂ ಅವಳದು ಅದೇ ಉತ್ತರ. ಉಪ್ಪಿಲ್ಲದ ಸಾರಿಗೂ ಚಲೇಗಾ, ಮೊದಲಿನಿಂದ ಚಹಾ ಕುಡಿಯುತ್ತಿದ್ದವಳಿಗೆ ನಾನು ಕಾಫಿ ಕೊಟ್ಟರೂ ಚಲೇಗಾ. ನಮ್ಮೆದುರು ಅತ್ತವಳಲ್ಲ, ಒಂದು ದಿನ ಸಿಡುಕಿದವಳಲ್ಲ. ಸ್ಟೇಷನ್ ಹೊರಗೆ ತೂಗುಹಾಕಿದ್ದ ಕಾಗದದ ನಕ್ಷತ್ರಗಳ ಕೆಳಗೆ ನನ್ನ ಜೊತೆ ನಡೆದುಬಂದಾಗ ಒಮ್ಮೆಯೂ ತಲೆಯೆತ್ತಿರಲಿಲ್ಲ. ಈ ಮನೆಯಲ್ಲಿ ಅವಳು ಇನ್ನೂ ನೆಂಟಳೇ ಆಗಿದ್ದಾಳೆ ಅನ್ನಿಸುತ್ತಿತ್ತು. ಅದಕ್ಕೇ ಆ ಊಟ ಒಂದು ತಪ್ಪೂ ಇಲ್ಲದೆ ನಡೆಯಬೇಕಿತ್ತು.

ಮೊದಲ ಪಟ್ಟಿಯಲ್ಲಿ ಆರನೆಯ ಸಾಲು, ಡ್ರಾಯರುಗಳ ಸ್ವಚ್ಛತೆ. ಶನಿವಾರ ಬೆಳಿಗ್ಗೆ ಚಮಚದ ಡ್ರಾಯರು ಖಾಲಿ ಮಾಡುವಾಗ ಸೌಟು, ಮೊಗಚೆಕಾಯಿಗಳ ಮಧ್ಯೆ ಒಂದು ಬಾಚಣಿಗೆ ಸಿಕ್ಕಿತು. ಬಿಳಿ ಪ್ಲಾಸ್ಟಿಕ್ಕಿನದು, ದಪ್ಪ ಹಲ್ಲು, ಒಂದು ತುದಿಯಲ್ಲಿ ಎರಡು ಹಲ್ಲು ಮುರಿದಿತ್ತು. ಅಡುಗೆಮನೆಯ ಹತ್ತಿರ ಜಡೆ ಬಿಚ್ಚಿದರೂ ಬೈಯುತ್ತಿದ್ದ ತಾಯಿಯ ಕೈಕೆಳಗೆ ಬೆಳೆದವಳು ನಾನು. ಕೆಲಸದವಳೋ ಮಗನೋ ಮರೆತು ಇಟ್ಟಿರಬೇಕೆಂದು ಅಂದುಕೊಂಡು ಎರಡು ಬೆರಳಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕಿದೆ. ಚಮಚಗಳನ್ನೆಲ್ಲ ಬಿಸಿನೀರಿನಲ್ಲಿ ಎರಡು ಸಲ ತೊಳೆದೆ. ಕೆಳಗೆ ಘಂಟಾಗಾಡಿ ಬಂದ ಸದ್ದಾಯಿತು, ಕಸ ಹೋಯಿತು. ಆರನೆಯ ಸಾಲಿನ ಮುಂದೆ ಗುರುತು ಹಾಕಿದೆ.

ಸಂಜೆ ಸೊಸೆ ಎರಡು ತೆಂಗಿನಕಾಯಿ, ಮೈದಾ, ಸಕ್ಕರೆ ತಂದು ಕಟ್ಟೆಯ ಮೇಲಿಟ್ಟಳು. ಡ್ರಾಯರು ಎಳೆದಳು, ಮುಚ್ಚಿದಳು, ಕೆಳಗಿನದನ್ನು ಎಳೆದಳು.

"ಅಮ್ಮ, ಇಲ್ಲಿ ಒಂದು ಬಾಚಣಿಗೆ ಇತ್ತಲ್ಲ?"

ನಾನು ಹೇಳಿದೆ. ಹೇಳಿ ಮುಗಿಸುವ ಮೊದಲೇ ಅವಳು ಬಗ್ಗಿ ಕಸದ ಬುಟ್ಟಿಯೊಳಗೆ ನೋಡಿದಳು.

ಅದು ಯಾರ ತಲೆಯನ್ನೂ ಮುಟ್ಟಿದ್ದಲ್ಲವಂತೆ. ಕಿಡಿಯೊ ಎಂಬ ತಿಂಡಿಗೆ ತೆಂಗಿನಹಾಲಿನಲ್ಲಿ ಕಲಸಿದ ಹಿಟ್ಟಿನ ಗೋಲಿಯನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುತ್ತಾರೆ, ಅದರಿಂದ ಬೆನ್ನ ಮೇಲೆ ಗೆರೆ ಮೂಡುತ್ತದೆ. ಅವಳ ತಾಯಿ ಅದಕ್ಕೆಂದೇ ಇಟ್ಟುಕೊಂಡಿದ್ದ ಬಾಚಣಿಗೆ ಅದು. ಹಿಂದಿನ ವಾರ ಕಲ್ಯಾಣಕ್ಕೆ ಹೋದಾಗ ತಂದಿದ್ದಳು. ತಂದೆಯ ಮನೆಯಲ್ಲಿ ಈ ವರ್ಷ ಒಲೆಯ ಮೇಲೆ ಎಣ್ಣೆ ಇಡುವ ಹಾಗಿಲ್ಲ. ಹೊರಗಿನಿಂದ ಬಂದದ್ದನ್ನು ತಿನ್ನಬಹುದು. ಹಾಗಾಗಿ ತಾಯಿಯ ತಿಂಡಿಯನ್ನು ಅವರಿಗೆ ಮಾಡಿಕೊಡಬಹುದಾದವಳು ಅವಳೊಬ್ಬಳೇ, ಮಾಡಬಹುದಾದ ಜಾಗ ಇದೊಂದೇ.

"ಹೊಸದು ತರ್ತೀನಿ ಕಣಮ್ಮ, ಅದೇ ತರದ್ದು," ಎಂದೆ. ಆಡಬಾರದ ಮಾತು ಅದೇ ಆಗಿತ್ತು.

"ಪೂಛ್ ತೋ ಲೇತೀ ಅಮ್ಮ," ಎಂದಳು. ದನಿ ಏರಿತು. "ಏಕ್ ಬಾರ್ ಪೂಛ್ ತೋ ಲೇತೀ. ಬಿಸಾಕೋ ಮುಂಚೆ ಯಾರದು ಅಂತ ಕೇಳೋದಕ್ಕೆ ನಿಮ್ಮ ಲಿಸ್ಟಲ್ಲಿ ಜಾಗ ಇರಲಿಲ್ವಾ?"

ಮಗ ಹೊರಗೆ ಬರುವಷ್ಟರಲ್ಲಿ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ನಾನು ಕೆಳಗಿಳಿದು ವಾಚ್‌ಮನ್‌ನನ್ನು ಕೇಳಿದೆ. ಗಾಡಿ ಬೆಳಿಗ್ಗೆಯೇ ಹೋಯಿತೆಂದು ಗೊತ್ತಿದ್ದರೂ ಕೇಳಿದೆ. ಅವನು ಖಾಲಿ ಡ್ರಮ್ಮನ್ನು ನನ್ನ ಕಡೆ ವಾಲಿಸಿ ತೋರಿಸಿದ.

ಭಾನುವಾರ ಹತ್ತು ಗಂಟೆಗೆ ಅವಳಾಗಿಯೇ ಬಂದು ಹಿಟ್ಟು ಕಲಸಿದಳು. ಕಣ್ಣು ಊದಿದ್ದವು. ಒಂದು ಫೋರ್ಕ್ ತೆಗೆದು ನನ್ನ ಮುಂದಿಟ್ಟು, "ಕೂತ್ಕೊಳ್ಳಿ. ಒಬ್ಬಳಿಗೆ ಆಗಲ್ಲ," ಎಂದಳು. ಕ್ಷಮಿಸಿದಳೆಂದು ನಾನು ತಿಳಿಯಲಿಲ್ಲ. ಎರಡು ಗಂಟೆ ಸುತ್ತಿದೆವು. ಅವಳವು ಚಿಪ್ಪಿನಂತೆ ಬಿಗಿಯಾಗಿ ಕೂತವು. ನನ್ನವು ಅರ್ಧಕ್ಕರ್ಧ ಎಣ್ಣೆಗೆ ಬಿದ್ದೊಡನೆ ಬಿಚ್ಚಿಕೊಂಡವು. ಪ್ರತಿ ಸಲ ಅವಳು ಜಾಲರಿಯಲ್ಲಿ ಅದನ್ನು ಎತ್ತಿ ನನಗೆ ತೋರಿಸಿ ಪಕ್ಕಕ್ಕೆ ಹಾಕುತ್ತಿದ್ದಳು. ಸಕ್ಕರೆ ಪಾಕದಲ್ಲಿ ಹೊರಳಿಸುವುದನ್ನು ಮಾತ್ರ ನನಗೆ ಬಿಡಲಿಲ್ಲ.

ಕ್ರಿಸ್‌ಮಸ್ ದಿನದ ನಾಲ್ಕು ಸಾಲು ಮಧ್ಯಾಹ್ನದ ಹೊತ್ತಿಗೆ ಹನ್ನೊಂದಾಗಿತ್ತು. ಅವರ ಕಡೆಯ ಊಟವೆಂದು ಫೋನಿನಲ್ಲಿ ನೋಡಿ ಆರಿಸಿದ್ದ, ಇಡ್ಲಿಯಂಥ ‘ಸಣ್ಣ’ದ ಹಿಟ್ಟು ಉಬ್ಬಲಿಲ್ಲ. ಮೂರು ಸಲ ಪಾತ್ರೆಯ ಮುಚ್ಚಳ ತೆಗೆದು ನೋಡಿದೆ, ಆಮೇಲೆ ಬೆಚ್ಚಗಿರಲೆಂದು ಹೊದಿಕೆ ಸುತ್ತಿದೆ. ತರಕಾರಿಯ ಗಸಿಗೆ ಹುಳಿ ಹೆಚ್ಚಾಯಿತು. ಆರಕ್ಕೇ ಸೀರೆ ಬದಲಿಸಿ ಕೂತಿದ್ದೆ, ಏಳಾದರೂ ಫೋನಿಲ್ಲ. ಬರುವುದಿಲ್ಲ ಎಂದು ಹೇಳಲು ಸಂಕೋಚವಾಗಿ ಸುಮ್ಮನಿದ್ದಾರೆಂದು ನಿಶ್ಚಯಿಸಿಕೊಂಡೆ. ಏಳು ಇಪ್ಪತ್ತಕ್ಕೆ ಬೆಲ್ ಆಯಿತು. ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಓಡಿದೆ.

ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಊಟಕ್ಕೆ ಕೂತರು, ಎರಡು ‘ಸಣ್ಣ’ ಹಾಕಿಸಿಕೊಂಡರು. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಯಜಮಾನರು ಲೋಕಲ್ ಟ್ರೇನಿನ ವಿಷಯ ಎತ್ತಿ ಮಾತು ನಡೆಸಿದರು. ಕೊನೆಗೆ ಸೊಸೆ ಕಿಡಿಯೊದ ತಟ್ಟೆ ತಂದಿಟ್ಟಳು. ಅವರು ಒಂದನ್ನು ಎತ್ತಿಕೊಂಡು, ಬಾಯಿಗೆ ಹಾಕದೆ, ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ಬಾಚಣಿಗೆಯದ್ದಲ್ಲ," ಎಂದರು.

ಸೊಸೆ ನೀರಿನ ಜಗ್ಗು ಎತ್ತಿಕೊಂಡಳು. "ಮುರಿದುಹೋಯ್ತು ಪಪ್ಪಾ."

ಸುಳ್ಳು ಹೇಳಿ ನನ್ನನ್ನು ಕಾಪಾಡುತ್ತಿದ್ದಳು. ಹೊರಗಿನವರ ಮಾನ ಕಾಯುವ ಹಾಗೆ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ಮುರಿಯಲಿಲ್ಲ," ಎಂದೆ. "ನಾನೇ ಕಸಕ್ಕೆ ಹಾಕಿದೆ. ತಲೆ ಬಾಚೋದು ಅಂದ್ಕೊಂಡೆ. ಕೇಳಲಿಲ್ಲ."

ಅವರು ನನ್ನ ಕಡೆ ನೋಡಲಿಲ್ಲ, ಮಗಳ ಕಡೆ ನೋಡಿದರು. "ನೀನು ಗಲಾಟೆ ಮಾಡಿದ್ದಾ?"

"ಮಾಡಿದೆ."

"ಜೋರಾ?"

"ಬಾಗಿಲೂ ಹಾಕ್ಕೊಂಡೆ."

ಅವರು ಉಸಿರು ಬಿಟ್ಟು ನನ್ನತ್ತ ತಿರುಗಿದರು. "ಜುಲೈಯಿಂದ ಫೋನ್ ಮಾಡಿದಾಗೆಲ್ಲ ಇವಳು ಎಲ್ಲ ಸರಿ ಉಂಟು, ಎಲ್ಲ ಸರಿ ಉಂಟು ಅಂತಲೇ ಹೇಳುವುದು. ಹಾಗೆ ಕೇಳಿದ್ರೆ ನನಗೆ ಹೆದರಿಕೆ ಆಗ್ತದೆ ಮಾರಾಯ್ರೇ."

ಆಮೇಲೆ ಕಿಡಿಯೊ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. ಇನ್ನೊಂದು ತೆಗೆದುಕೊಂಡರು, ಮತ್ತೊಂದು. ಮನೆಗೂ ಸ್ವಲ್ಪ ಬೇಕು ಎಂದು ಅವರೇ ಕೇಳಿದರು.

ನಾನು ಸ್ಟೀಲಿನ ಡಬ್ಬಿ ತೆಗೆದು ತುಂಬತೊಡಗಿದೆ. ಸೊಸೆ ಹಿಂದಿನಿಂದ ಬಂದು ಇಣುಕಿದಳು.

"ಅಮ್ಮ, ನಿಮ್ಮ ಬಿಚ್ಕೊಂಡಿರೋವನ್ನೆಲ್ಲ ಮೇಲೆ ಯಾಕೆ ಹಾಕ್ತಿದೀರಾ?" ಎಂದಳು, ಹೊರಗೆ ಅವಳ ತಂದೆಗೂ ಕೇಳುವಷ್ಟು ಜೋರಾಗಿ. "ಕೆಳಗೆ ಹಾಕಿ."

ನಾನು ಡಬ್ಬಿ ಬೋರಲು ಹಾಕಿ ಮೊದಲಿನಿಂದ ತುಂಬಿದೆ.